ಮೂರನೇ ಸಲ ಜೋಡಿಸಲು ಆಗುತ್ತದಾ?

ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಕಾಸರಗೋಡಿನ ಪೆರ್ಲದ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಏಪ್ರಿಲ್‌ನಲ್ಲಷ್ಟೇ ಮನೆಯೊಕ್ಕಲು ಆಗಿತ್ತು. ಮಲಗುವ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಕಪಾಟು. ಬಾಗಿಲಿಗೆ ಹಿಡಿಕೆ ಇಲ್ಲ, ಬೆರಳಿನಿಂದ ಒತ್ತಿದರೆ ತಾನೇ ತೆರೆದುಕೊಳ್ಳುವಂಥದ್ದು. ನೋಡಲು ಬಹಳ ಚಂದ. ಆದರೆ ಆ ಮನೆಯ ಅಕ್ಕ ನನ್ನನ್ನು ಕರೆಸಿದ್ದು ಬಾಗಿಲು ತೆರೆಯುವುದೇ ಇಲ್ಲ ಎಂದು. ಬಗ್ಗಿ ನೋಡಿದೆ. ಅಡಿ ಹಲಗೆ ನೀರು ಕುಡಿದು ನೆನೆದ ಅವಲಕ್ಕಿಯ ಹಾಗೆ ಉಬ್ಬಿತ್ತು. ಹಿಂಬದಿಯ ತೆಳು ಹಲಗೆ ತುಂಬ ಬೂಸ್ಟು. ಒಳಗೆ ಇಟ್ಟ ರೇಷ್ಮೆ ಸೀರೆಗಳಿಗೂ ಅದೇ ವಾಸನೆ.

"ದುಡ್ಡು ಕಡಿಮೆ ಕೊಟ್ಟದ್ದಲ್ಲ ಮಾರಾಯ್ರೆ. ನಾಲ್ಕು ತಿಂಗಳಿಗೇ ಹೀಗಾಗುವುದಾ?" ಎಂದರು.

ಇಂಥ ಕರೆ ನನಗೆ ಪ್ರತಿ ಮಳೆಗಾಲದಲ್ಲೂ ಬರುತ್ತದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆಗಳ ಒಳಗಿನ ಕೆಲಸ ಮಾಡುತ್ತೇನೆ. ಕಪಾಟು, ಮಂಚ, ಅಡುಗೆಮನೆ ಎಲ್ಲ. ಹೊಸ ಮಾದರಿಯ ಫರ್ನಿಚರ್ ಅಂದರೆ ನನಗೆ ನಿಜವಾಗಿಯೂ ಇಷ್ಟ. ಗೋಡೆಗೆ ಮಡಚುವ ಮಂಚ, ಎಳೆದರೆ ಉದ್ದವಾಗುವ ಊಟದ ಮೇಜು, ಸದ್ದಿಲ್ಲದೆ ಮುಚ್ಚುವ ಡ್ರಾಯರ್, ಇವೆಲ್ಲ ಸಣ್ಣ ಮನೆಗೆ ದೊಡ್ಡ ಉಪಕಾರ. ಆದರೆ ಪಟದಲ್ಲಿ ಕಾಣುವ ಮನೆಯಲ್ಲಿ ಮಳೆ ಇರುವುದಿಲ್ಲ, ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಬೀಳುತ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಮಳೆಯ ನೀರು ನೇರವಾಗಿ ತಾಗಬೇಕೆಂದೇ ಇಲ್ಲ, ಗಾಳಿಯೇ ಸಾಕು. ಗಾಳಿಯ ತೇವ ಶೇ 65 ಇದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇ 12ರಷ್ಟು ನೀರನ್ನು ಒಳಗೆ ಇಟ್ಟುಕೊಳ್ಳುತ್ತದೆ. ಗಾಳಿಯ ತೇವ ಶೇ 90ಕ್ಕೆ ಏರಿ ಅಲ್ಲೇ ನಿಂತರೆ ಮರದೊಳಗಿನ ನೀರು ಶೇ 20ರ ಹತ್ತಿರ ಹೋಗುತ್ತದೆ. ಆಗ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆಟಿಯಲ್ಲಿ ಸಿಕ್ಕಿಕೊಂಡ ಡ್ರಾಯರ್ ದೀಪಾವಳಿಯ ಹೊತ್ತಿಗೆ ಸಡಿಲ ಆಗುವುದು ಇದಕ್ಕೇ. ಗಟ್ಟಿ ಮರ ಹೀಗೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಪಾರ್ಟಿಕಲ್ ಬೋರ್ಡ್ ಹಾಗಲ್ಲ. ಅದು ಮರದ ಚೂರುಗಳನ್ನು ಅಂಟಿನಲ್ಲಿ ಕಲಸಿ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒಳಗಿನ ಚೂರುಗಳು ಒತ್ತಿ ಕೂತಿರುತ್ತವೆ, ನೀರು ತಾಗಿದೊಡನೆ ಬಿಡಿಸಿಕೊಳ್ಳುತ್ತವೆ. ಒಮ್ಮೆ ಉಬ್ಬಿದ ಮೇಲೆ ಒಣಗಿಸಿದರೂ ಹಳೆಯ ದಪ್ಪಕ್ಕೆ ಬರುವುದಿಲ್ಲ.

ಮೇಲಿನ ಹೊಳೆಯುವ ಹಾಳೆಯಿಂದ ನೀರು ಒಳಗೆ ಹೋಗುವುದಿಲ್ಲ. ಹೋಗುವುದು ಅಂಚಿನಿಂದ. ಅದಕ್ಕೇ ನಾನು ಅಂಗಡಿಯಲ್ಲಿ ಮೊದಲು ನೋಡುವುದು ಕಪಾಟಿನ ಅಡಿ ಅಂಚು. ಎದುರಿನ ಅಂಚಿಗೆ ಚಂದ ಪಟ್ಟಿ ಅಂಟಿಸಿ, ಕಣ್ಣಿಗೆ ಕಾಣದ ಅಡಿಯ ಮತ್ತು ಹಿಂದಿನ ಅಂಚನ್ನು ಹಾಗೇ ಬಿಟ್ಟಿರುತ್ತಾರೆ. ಕೈ ಹಾಕಿ ತಡವಿ ನೋಡಿ, ಒರಟಾಗಿದ್ದರೆ ಅಲ್ಲಿ ಪಟ್ಟಿ ಇಲ್ಲ. ಪೆರ್ಲದ ಕಪಾಟಿನಲ್ಲಿ ಆದದ್ದು ಅದೇ. ನೆಲ ಒರೆಸಿದ ನೀರು ದಿನಾ ಅಲ್ಲಿಂದ ಒಳಗೆ ಹೋಗಿದೆ.

ಹಾಗಾದರೆ ಪ್ಲೈವುಡ್ ಸಾಕಾ? ಅದರಲ್ಲೂ ತರಾವರಿ ಉಂಟು. ಪ್ಲೈಯ ಮೇಲೆ ಐಎಸ್ (ಭಾರತೀಯ ಮಾನಕ) 303 ಎಂಬ ಮುದ್ರೆ ಇದ್ದರೆ ಸಾಮಾನ್ಯ ಬಳಕೆಯದ್ದು, ಅದರೊಳಗೆ ಎಂಆರ್ ಎಂದರೆ ಸ್ವಲ್ಪ ತೇವ ತಡೆಯುವುದು, ಬಿಡಬ್ಲ್ಯುಆರ್ ಎಂದರೆ ಅದಕ್ಕಿಂತ ಗಟ್ಟಿ. ಐಎಸ್ 710 ಎಂದರೆ ಮರೈನ್, ನೀರಿಗೆ ತಾಳುವಂತೆ ಮಾಡಿದ್ದು. ಮರೈನ್ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ. ಎಂಆರ್ ಹಲಗೆಗೆ ಸಾಮಾನ್ಯವಾಗಿ ಯೂರಿಯಾ ಅಂಟು, ಮರೈನ್‌ಗೆ ಫಿನಾಲ್ ಅಂಟು, ದೊಡ್ಡ ವ್ಯತ್ಯಾಸ ಇರುವುದು ಅಂಟಿನಲ್ಲಿ. ಮನೆಯಿಡೀ ಮರೈನ್ ಹಾಕಿ ಎಂದು ನಾನು ಹೇಳುವುದಿಲ್ಲ, ಅಷ್ಟು ಖರ್ಚು ಬೇಡ. ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ತಾಗಿದ ಕಪಾಟಿಗೆ, ನೆಲದಿಂದ ಒಂದು ಅಡಿಯವರೆಗೆ ಹಾಕಿ. ಮುದ್ರೆಯ ಮೇಲೆ ನಂಬಿಕೆ ಬಾರದಿದ್ದರೆ ಒಂದು ತುಂಡು ಕೊಯ್ಯಿಸಿಕೊಂಡು ಹಳೆಯ ಪಾತ್ರೆಯಲ್ಲಿ ಇಡೀ ದಿನ ಕುದಿಸಿ ನೋಡಿ. ನಾನು ಪ್ರತಿ ಹೊಸ ಲೋಡಿಗೂ ಮಾಡುತ್ತೇನೆ. ಪದರ ಬಾಯಿ ಬಿಟ್ಟರೆ ಲೋಡು ವಾಪಸ್.

ಈಗ ನನಗೆ ಜಾಸ್ತಿ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಯಾವ ಹಲಗೆ ತಂದರೂ ನಮ್ಮ ಹವೆಯಲ್ಲಿ ಒಂದಲ್ಲ ಒಂದು ದಿನ ಏನಾದರೂ ಹಾಳಾಗಿಯೇ ಆಗುತ್ತದೆ. ಆಗ ಹಾಳಾದ ಆ ಒಂದು ಭಾಗವನ್ನು ಮಾತ್ರ ಬಿಚ್ಚಿ ಬದಲಿಸಲು ಬರುತ್ತದಾ? ಹೊಸ ಫರ್ನಿಚರ್ ನೋಡುವಾಗ ನಾನು ಕೇಳುವ ಪ್ರಶ್ನೆ ಅದೇ.

ಬಿಚ್ಚಿ ಜೋಡಿಸುವ ಫರ್ನಿಚರ್ ಇವತ್ತಿನ ಆವಿಷ್ಕಾರ ಅಲ್ಲ. 1859ರಲ್ಲಿ ಮೈಕೆಲ್ ಥೋನೆಟ್ ಎಂಬವರು 14ನೇ ನಂಬರಿನ ಕುರ್ಚಿ ತಂದರು. ಬೀಚ್ ಮರವನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ ಕುರ್ಚಿ. ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್, ಅಷ್ಟೇ. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು, ಹಡಗಿನಲ್ಲಿ ಊರೂರಿಗೆ ಹೋದವು. ಆಮೇಲೆ 1950ರ ದಶಕದಲ್ಲಿ ಸ್ವೀಡನ್ನಿನ ಐಕಿಯಾದವರು ಮೇಜಿನ ಕಾಲು ಬಿಚ್ಚಿ ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ದಾರಿ ಹಿಡಿದರು. ಹೈದರಾಬಾದಿಗೆ 2018ರಲ್ಲಿ, ಬೆಂಗಳೂರಿಗೆ 2022ರಲ್ಲಿ ಅವರ ಮಳಿಗೆ ಬಂತು. ಈಗ ನಮ್ಮ ಮಂಗಳೂರು, ಕಾಞಂಗಾಡು ಕಡೆಯ ಅಂಗಡಿಗಳಲ್ಲೂ ಅರ್ಧಕ್ಕರ್ಧ ಸಾಮಾನು ಪೆಟ್ಟಿಗೆಯಲ್ಲೇ ಬರುತ್ತದೆ.

ಆದರೆ ನಮ್ಮವರಿಗೂ ಇದು ಗೊತ್ತಿತ್ತು. ಏಳೆಂಟು ವರ್ಷದ ಹಿಂದೆ ಬದಿಯಡ್ಕ ಕಡೆಯ ಒಂದು ಹಳೇ ಮನೆಯ ಪತ್ತಾಯ ಬಿಚ್ಚುವ ಕೆಲಸ ಬಂತು. ಭತ್ತ ತುಂಬುವ ಮರದ ಪತ್ತಾಯ, ಇಬ್ಬರು ಆರಾಮವಾಗಿ ಒಳಗೆ ನಿಲ್ಲಬಹುದು. ಕೋಣೆಯ ಬಾಗಿಲು ನೋಡಿದರೆ ಎರಡೂಕಾಲು ಅಡಿ. ಇದನ್ನು ಒಳಗೆ ತಂದದ್ದು ಹೇಗೆ ಎಂದು ನಾನು ಸುತ್ತು ಬರುತ್ತಿದ್ದೆ. ಜೊತೆಗಿದ್ದ ಹಿರಿಯ ಆಚಾರಿ ಏನೂ ಮಾತಾಡದೆ ಒಂದು ಮೂಲೆಯ ಬೆಣೆಗೆ ಮರದ ಸುತ್ತಿಗೆಯಲ್ಲಿ ಮೆಲ್ಲ ಎರಡು ಪೆಟ್ಟು ಕೊಟ್ಟರು. ಬೆಣೆ ಹೊರಗೆ ಬಂತು, ಪಟ್ಟಿ ಸಡಿಲ ಆಯಿತು, ಹಲಗೆಗಳು ಅಂಚು ಕೂರಲು ಕೊರೆದ ಉದ್ದ ಸೀಳಿನಿಂದ ಒಂದೊಂದಾಗಿ ಜಾರಿ ಬಂದವು. ಒಂದೇ ಒಂದು ಮೊಳೆ ಇಲ್ಲ. ಹಲಗೆಗಳನ್ನು ಆ ಸೀಳಿನಲ್ಲಿ ಸುಮ್ನೆ ಕೂರಿಸಿದ್ದರಿಂದ ಮಳೆಗಾಲದಲ್ಲಿ ಹಿಗ್ಗಲು ಜಾಗವೂ ಇತ್ತು. ಅಡಿಯ ಒಂದು ಹಲಗೆಗೆ ಮಾತ್ರ ಗೆದ್ದಲು ಹಿಡಿದಿತ್ತು, ಅದನ್ನು ಬದಲಿಸಿ ಇಡೀ ಪತ್ತಾಯವನ್ನು ಇನ್ನೊಂದು ಮನೆಯಲ್ಲಿ ನಿಲ್ಲಿಸಿದೆವು. ಇವತ್ತು ಅದರಲ್ಲಿ ಹಾಸಿಗೆ ಬಟ್ಟೆ ಇಡುತ್ತಾರೆ. ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬೇರೆ ಆಯಿತು.

ಪೆಟ್ಟಿಗೆಯಲ್ಲಿ ಬರುವ ಇವತ್ತಿನ ಕಪಾಟನ್ನು ಇದರ ಪಕ್ಕ ಇಟ್ಟು ನೋಡಿ. ಅದರಲ್ಲಿ ಹಲಗೆಗಳನ್ನು ಹಿಡಿಯುವುದು ಕ್ಯಾಮ್ ಲಾಕ್ ಎಂಬ ಸಣ್ಣ ತಿರುಗುವ ಬೀಗ. ಮೊದಲ ಸಲ ಚೆನ್ನಾಗಿ ಬಿಗಿಯುತ್ತದೆ. ಮನೆ ಬದಲಿಸುವಾಗ ಬಿಚ್ಚಿ ಎರಡನೇ ಸಲ ಜೋಡಿಸಿದರೆ ಸ್ವಲ್ಪ ಅಲ್ಲಾಡುತ್ತದೆ. ಮೂರನೇ ಸಲಕ್ಕೆ ತೂತಿನ ಸುತ್ತಲಿನ ಚೂರು ಉದುರಿ ಸ್ಕ್ರೂ ಸುಮ್ನೆ ತಿರುಗುತ್ತಾ ಇರುತ್ತದೆ, ತೇವ ತಿಂದ ಬೋರ್ಡಾದರೆ ಎರಡನೇ ಸಲಕ್ಕೇ ಹಾಗೆ. ಬಿಚ್ಚಲು ಬರುತ್ತದೆ ಎಂದು ಮಾರುತ್ತಾರೆ, ಜೋಡಿಸಲು ಬರುವುದು ಒಂದೇ ಸಲ. ಹಾಗಾಗಿ ಅಂಗಡಿಯವರ ಹತ್ತಿರ ನೇರವಾಗಿ ಕೇಳಿ: ಇದನ್ನು ಮೂರನೇ ಸಲ ಜೋಡಿಸಲು ಆಗುತ್ತದಾ? ಬೋಲ್ಟ್ ಹೋಗುವಲ್ಲಿ ಒಳಗೆ ನಟ್‌ನ ಹಾಗೆ ಸುರುಳಿ ಗೆರೆ ಇರುವ ಹಿತ್ತಾಳೆಯದ್ದೋ ಉಕ್ಕಿನದ್ದೋ ಬಿಲ್ಲೆ ಕೂರಿಸಿದ್ದರೆ ಖಂಡಿತ ಆಗುತ್ತದೆ, ಏಕೆಂದರೆ ಆಗ ಲೋಹ ಲೋಹವನ್ನು ಹಿಡಿಯುತ್ತದೆ, ಹಲಗೆಯನ್ನಲ್ಲ. ಆಚಾರಿಯಿಂದ ಮಾಡಿಸುವವರೂ ಇದನ್ನು ಹೇಳಿ ಹಾಕಿಸಬಹುದು. ದೊಡ್ಡ ಖರ್ಚಲ್ಲ.

ಕೀಲುಗಳ ವಿಷಯದಲ್ಲಿ ಮಾತ್ರ ಹೊಸ ಕಾಲ ನಮಗೆ ದೊಡ್ಡ ಒಳ್ಳೆಯದು ಮಾಡಿದೆ. ಕಪಾಟಿನ ಒಳಗೆ ಅಡಗಿ ಕೂರುವ ಹಿಂಜ್‌ಗೆ ಬಾಗಿಲಲ್ಲಿ ಕೊರೆಯುವ ಗುಂಡಿ ಸಾಮಾನ್ಯವಾಗಿ 35 ಮಿಲಿಮೀಟರ್. ತೂತುಗಳ ನಡುವಿನ ಅಂತರ 32 ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತದೆ. ಬ್ಲಮ್, ಹೆಟ್ಟಿಚ್, ಹಾಫೆಲೆ, ಕಂಪೆನಿ ಯಾವುದೇ ಇರಲಿ, ಗುಂಡಿಯ ಅಳತೆ ಅದೇ. ಹತ್ತು ವರ್ಷ ಕಳೆದು ಹಿಂಜ್ ತುಕ್ಕು ಹಿಡಿದರೆ ಬೇರೆ ಕಂಪೆನಿಯದ್ದು ತಂದು ಅದೇ ಗುಂಡಿಗೆ ಕೂರಿಸಬಹುದು, ಪಕ್ಕದ ಸಣ್ಣ ಸ್ಕ್ರೂಗಳನ್ನು ಬೇಕಾದರೆ ಬೇರೆ ಕಡೆ ಹಾಕಿದರಾಯಿತು. ಅದೇ ನೋಡಿ, ಆ ಪೆರ್ಲದ ಕಪಾಟಿನ ಒತ್ತಿ ತೆರೆಯುವ ಸಾಧನ ಯಾವ ಅಳತೆಗೂ ಸೇರದ್ದು, ಬಿಡಿ ಭಾಗ ಎಲ್ಲೂ ಸಿಗಲಿಲ್ಲ.

ಉಪ್ಪಳ, ಕುಂಬಳೆ, ಮಂಜೇಶ್ವರದಲ್ಲಿ ಕಡಲಿನ ಬದಿಗೆ ಮನೆ ಇರುವವರು ಇದನ್ನು ಗಮನ ಕೊಟ್ಟು ಓದಿ. ಸ್ಟೀಲ್ ಎಂದರೆ ಎಲ್ಲ ಒಂದೇ ಅಲ್ಲ. ಮಾರುವವರು ಅಯಸ್ಕಾಂತ ಇಟ್ಟು ತೋರಿಸಿ, ಹಿಡಿಯುವುದಿಲ್ಲ ನೋಡಿ, ಒಳ್ಳೆಯ 304 ದರ್ಜೆಯ ಸ್ಟೀಲ್ ಎನ್ನುತ್ತಾರೆ. ಆದರೆ 202 ಎಂಬ ಅಗ್ಗದ ಸ್ಟೀಲನ್ನೂ ಅಯಸ್ಕಾಂತ ಹಿಡಿಯುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಉಪ್ಪುಗಾಳಿಗೆ ಬೇಗ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಅಲೆಯ ಸದ್ದು ಕೇಳುವಷ್ಟು ಹತ್ತಿರ ಮನೆ ಇದ್ದರೆ ಹೊರಗಿನ ಕೆಲಸಕ್ಕೆ ಮಾಲಿಬ್ಡಿನಮ್ ಸೇರಿದ 316 ಬೇಕು.

ಮರದ ಮಾತು ಬಂದರೆ ನನ್ನ ಒಲವು ಹಲಸಿಗೆ. ತೋಟದಲ್ಲೇ ಇರುತ್ತದೆ, ಗೆದ್ದಲಿಗೆ ಬೇಗ ಬಗ್ಗುವುದಿಲ್ಲ, ಹಳದಿ ಬಣ್ಣ ವರ್ಷ ಕಳೆದ ಹಾಗೆ ಕಂದಾಗಿ ಚಂದ ಆಗುತ್ತದೆ. ರಬ್ಬರ್ ಮರದ ಹಲಗೆಯನ್ನು ಬೈಯುವವರು ಜಾಸ್ತಿ, ಆದರೆ ನಾನು ಬೈಯುವುದಿಲ್ಲ. ಹಾಲು ಕಡಿಮೆಯಾದ ಮರವನ್ನು 25-30 ವರ್ಷಕ್ಕೆ ಹೇಗೂ ಕಡಿಯುತ್ತಾರೆ. ಅದರಲ್ಲಿ ಪಿಷ್ಟ ಜಾಸ್ತಿ, ಹಾಗಾಗಿ ಕುಟ್ಟೆ ಹುಳಕ್ಕೆ ಇಷ್ಟ. ಬೋರಾನ್ ಮದ್ದು ಒತ್ತಿ ತುಂಬಿಸಿ ಒಣಗಿಸಿದ ಹಲಗೆಯಾದರೆ ಒಳಾಂಗಣಕ್ಕೆ ಧಾರಾಳ ಸಾಕು. ತೆಂಗಿನ ಮರವನ್ನು ನಾವು ಇನ್ನೂ ಸರಿಯಾಗಿ ಬಳಸಿಯೇ ಇಲ್ಲ. 1916ರಿಂದ ತೆಂಗಿನ ಸಂಶೋಧನೆ ನಡೆಯುವ ಊರು ನಮ್ಮ ಕಾಸರಗೋಡು, ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಇಲ್ಲೇ ಉಂಟು. ಮುದಿ ತೆಂಗಿನ ಕಾಂಡದ ಹೊರಭಾಗ ಕಬ್ಬಿಣದ ಹಾಗೆ ಗಟ್ಟಿ, ನಡುವಿನ ತಿರುಳು ಮೆತ್ತಗೆ. ಹೊರಗಿನದ್ದನ್ನು ಮಾತ್ರ ಬೇರೆ ಮಾಡಿ ಸೀಳಿದರೆ ಸ್ಟೂಲಿನ ಕಾಲಿಗೆ, ಮೇಜಿನ ಚೌಕಟ್ಟಿಗೆ ಒಳ್ಳೆಯದು. ಕೊಯ್ದ ಕೂಡಲೇ ಒಣಗಿಸದಿದ್ದರೆ ಬೂಸ್ಟು ಬರುತ್ತದೆ, ಅಷ್ಟು ಜಾಗ್ರತೆ ಬೇಕು.

ಅಡುಗೆಮನೆಗೆ ಬಂದರೆ ನನಗೆ ಸಂಕಟ ಆಗುತ್ತದೆ. ಇವತ್ತಿನ ಮಾಡ್ಯುಲರ್ ಕಿಚನ್‌ನ ಬೇರು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದೆ. 1926ರಲ್ಲಿ ಮಾರ್ಗರೆಟ್ ಶ್ಯುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಹೆಂಗಸರು ಎಷ್ಟು ಹೆಜ್ಜೆ ನಡೆಯಬೇಕಾಗುತ್ತದೆ ಎಂದು ಲೆಕ್ಕ ಹಾಕಿಯೇ ಒಂದೊಂದು ಖಾನೆಯ ಜಾಗ ಗೊತ್ತು ಮಾಡಿದ್ದರು. ಎಷ್ಟು ಕಾಳಜಿಯ ಕೆಲಸ ಅಲ್ವಾ? ನಾವು ಅವರ ಖಾನೆಗಳನ್ನು ತಂದೆವು, ಆ ಕಾಳಜಿಯನ್ನು ತರಲಿಲ್ಲ. ನಮ್ಮ ಮನೆಯಲ್ಲಿ ದಿನಾ ತೆಂಗಿನಕಾಯಿ ಹೆರೆಯಬೇಕು, ಮೆಟ್ಟುಕತ್ತಿಯಲ್ಲಿ ಕೂತು ತರಕಾರಿ ಹೆಚ್ಚಬೇಕು, ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆ ಅಟ್ಟಿನಳಗೆ ಇಡಲು ಜಾಗ ಬೇಕು. ಕ್ಯಾಟಲಾಗಿನ ಡ್ರಾಯರಿನಲ್ಲಿ ಅಟ್ಟಿನಳಗೆ ಹಿಡಿಯುವುದೇ ಇಲ್ಲ. ಹೆರೆಮಣೆ ಕೊನೆಗೆ ಬಾಗಿಲ ಹಿಂದೆ ನಿಲ್ಲುತ್ತದೆ, ಅದಕ್ಕೆ ಮಗುವಿನ ಕಾಲು ತಾಗುತ್ತದೆ.

ಮಂಡಿನೋವಿದ್ದ ಒಬ್ಬ ಅಮ್ಮನಿಗಾಗಿ ನಾನು ಮತ್ತು ನಮ್ಮ ಆಚಾರಿ ಸೇರಿ ಒಂದು ಮಣೆ ಮಾಡಿದೆವು. ಸಿಂಕಿನ ಪಕ್ಕದ ಕೆಳಗಿನ ಖಾನೆಯಿಂದ ಎಳೆದರೆ ಹಲಸಿನ ಮಣೆ ಹೊರಗೆ ಬರುತ್ತದೆ, ಎತ್ತರ 16 ಇಂಚು, ತುದಿಯಲ್ಲಿ ಹೆರೆಮಣೆಯ ನಾಲಗೆ, ಬಿಚ್ಚಿ ತೊಳೆಯಬಹುದು. ಡ್ರಾಯರ್ ಚಾನೆಲ್ ಸಾಮಾನ್ಯವಾಗಿ ಹೊರುವುದು 35-45 ಕಿಲೋ, ಮನುಷ್ಯರ ಭಾರ ಅದರ ಮೇಲೆ ಬಿಡಬಾರದು. ಅದಕ್ಕೆ ಮಣೆಯ ಕೆಳಗೆ ಒಂದು ಮಡಚುವ ಕಾಲು ಕೊಟ್ಟೆವು, ಎಳೆದ ಕೂಡಲೇ ಅದು ಇಳಿದು ನೆಲಕ್ಕೆ ಊರುತ್ತದೆ. ಮೊದಲು ಮಾಡಿದ್ದು 14 ಇಂಚು ಎತ್ತರಕ್ಕೆ, ಅವರಿಗೆ ಏಳಲು ಕಷ್ಟ ಆಯಿತು, ಎರಡು ಇಂಚು ಏರಿಸಿದೆವು. ನಾನು ಈವರೆಗೆ ಮಾಡಿದ್ದರಲ್ಲಿ ನನಗೆ ಅತ್ಯಂತ ಪ್ರೀತಿಯ ಹೊಸ ವಸ್ತು ಅದು.

ಇನ್ನು ಗಲ್ಫ್‌ನಲ್ಲಿರುವವರ ಮನೆಗಳು. ಹನ್ನೊಂದು ತಿಂಗಳು ಬೀಗ, ಒಂದು ತಿಂಗಳು ಜನ. ಮುಚ್ಚಿದ ಮನೆಯಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಬೂಸ್ಟು ಬೇಗ. ಇಂಥ ಮನೆಗೆ ಗೋಡೆಗೆ ಅಂಟಿದ ಕಪಾಟು ಬೇಡವೇ ಬೇಡ. ಆರು ಇಂಚು ಕಾಲು ಕೊಡಿ, ಗೋಡೆಯಿಂದ ಎರಡು ಇಂಚು ಬಿಡಿ, ಬಾಗಿಲಿಗೆ ಪಟ್ಟಿ ಪಟ್ಟಿಯಾದ ಸಂದು ಇಡಿ. ಮಡಚುವ ಮಂಚ ಬೇಕೆನ್ನುವವರಿಗೂ ಒಂದು ಮಾತು: ನಮ್ಮ ಗೋಡೆಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ತೂತುಗಳೇ ಜಾಸ್ತಿ, ಮಾಮೂಲಿ ಆ್ಯಂಕರ್ ಬೋಲ್ಟ್ ಹಾಕಿ ಆ ಭಾರ ನೇತು ಹಾಕಿದರೆ ಕಲ್ಲು ಪುಡಿಯಾಗಿ ಕಿತ್ತು ಬರಬಹುದು. ನಾನು ನೆಲದ ಮೇಲೆ ನಿಲ್ಲುವ ಉಕ್ಕಿನ ಚೌಕಟ್ಟು ಮಾಡಿಸಿ, ಗೋಡೆಗೆ ಬರೀ ವಾಲದ ಹಾಗೆ ಹಿಡಿಸುತ್ತೇನೆ.

ಪೆರ್ಲದ ಆ ಕಪಾಟನ್ನು ಪೂರ್ತಿ ಎಸೆಯಲಿಲ್ಲ. ಬಾಗಿಲುಗಳು ಚೆನ್ನಾಗಿದ್ದವು, ಉಳಿಸಿಕೊಂಡೆವು. ಅಡಿ ಹಲಗೆಗೆ ಮರೈನ್ ಪ್ಲೈ, ಅದರ ಕೆಳಗೆ ಹಲಸಿನ ಕಾಲು, ಹಿಂದೆ ಗಾಳಿಗೆ ತೂತು, ಒತ್ತುವ ಸಾಧನದ ಬದಲು ಮರದ ಹಿಡಿಕೆ. ಎಲ್ಲ ಬೋಲ್ಟಿನಲ್ಲಿ. ಕೆಲಸ ಮುಗಿದ ಮೇಲೆ ಎಂಟು ಬೋಲ್ಟ್, ಎರಡು ಹಿಂಜ್, ಬೋಲ್ಟ್ ತಿರುಗಿಸುವ ಒಂದು ಅಲೆನ್ ಕೀಲಿಯನ್ನು ಸಣ್ಣ ಚೀಲದಲ್ಲಿ ಹಾಕಿ, ಯಾವುದು ಎಲ್ಲಿಗೆ ಎಂದು ಕನ್ನಡದಲ್ಲಿ ಚೀಟಿ ಬರೆದು ಮೇಲಿನ ಖಾನೆಯ ಒಳಬದಿಗೆ ಕಟ್ಟಿಟ್ಟೆ. ನಿಮ್ಮ ಕೆಲಸ ಮಾಡಿದವರ ಹತ್ತಿರವೂ ಅಂಥ ಒಂದು ಚೀಲ ಕೇಳಿ ಇಸಿದುಕೊಳ್ಳಿ.