ಎರೆನೆಲದಲ್ಲಿ ಜಾರುವ ಬಗ್ಗಿ: ಹಿಡಿತದ ಹುಡುಕಾಟ ಟೈರಿನಿಂದ ಆರಂಭವಾಗಲಿ

ಕಳೆದ ಏಪ್ರಿಲ್‌ನಲ್ಲಿ ಬಾಗಲಕೋಟೆಯ ಯುವಕರೊಬ್ಬರು, ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ ಹೋಗುವ ತಮ್ಮ 1:10 ಅಳತೆಯ (ನಿಜವಾದ ವಾಹನದ ಹತ್ತನೇ ಒಂದರಷ್ಟಿನ) ರಿಮೋಟ್ ಕಂಟ್ರೋಲ್ ಬಗ್ಗಿಯನ್ನು, ಅಂದರೆ ಮಣ್ಣಿನಲ್ಲಿ ಓಡಿಸುವ ಮಾದರಿ ಕಾರನ್ನು, ಬೆಳಗಾವಿಯ ನನ್ನ ವರ್ಕ್‌ಶಾಪಿಗೆ ತಂದು, ತಿರುವಿನಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಅದರ ಹಿಂಭಾಗ ಗಿರಕಿ ಹೊಡೆಯುತ್ತದೆ, ಮೋಟಾರು ಬದಲಿಸಿಕೊಡಬೇಕು ಎಂದು ಕೇಳಿದರು. ಬಗ್ಗಿಯನ್ನು ಬಿಚ್ಚಿ ನೋಡಿದಾಗ ಮೋಟಾರಿನಲ್ಲಿ ದೋಷವಿರಲಿಲ್ಲ. ವಿದೇಶದ ಒಳಾಂಗಣ ಕಾರ್ಪೆಟ್ ಟ್ರ್ಯಾಕಿಗೆಂದು ಯಾರೋ ಸಿದ್ಧಪಡಿಸಿದ ಹೊಂದಾಣಿಕೆಯ ಪಟ್ಟಿಯನ್ನು ಅವರು ಅಕ್ಷರಶಃ ಅನುಸರಿಸಿ ಗಟ್ಟಿ ಸ್ಪ್ರಿಂಗ್, ಶಾಕ್‌ಗಳಲ್ಲಿ (ಗಾಲಿಯ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆಗಳಲ್ಲಿ) ದಪ್ಪ ಎಣ್ಣೆ ಮತ್ತು ತೀರ ತಗ್ಗಿದ ಚಾಸಿಯನ್ನು (ತಳದ ಚೌಕಟ್ಟನ್ನು) ಇಟ್ಟುಕೊಂಡಿದ್ದರು. ಕಾರ್ಪೆಟ್ ಮೇಲೆ ಹಿಡಿತ ಬೇಕಾದಷ್ಟಿರುತ್ತದೆ. ಬಗ್ಗಿ ಉರುಳದಂತೆ ತಡೆಯುವುದೇ ಅಲ್ಲಿನ ಕೆಲಸ. ನಮ್ಮ ನೆಲದಲ್ಲಿ ಹಿಡಿತವೇ ಅಪರೂಪವಾದ್ದರಿಂದ ಹೊಂದಾಣಿಕೆಯ ದಿಕ್ಕು ಅದಕ್ಕೆ ತೀರ ವಿರುದ್ಧವಾಗಿರಬೇಕು.

ಈ ನೆಲ ಎಂಥದು ಎಂಬುದನ್ನು ಮೊದಲು ತಿಳಿಯಬೇಕು. ಬೆಳಗಾವಿಯ ಪಶ್ಚಿಮಕ್ಕೆ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆಯ ಗರಸು ಸಿಗುತ್ತದೆ. ಪೂರ್ವಕ್ಕೆ ಬಾಗಲಕೋಟೆ, ವಿಜಯಪುರಗಳತ್ತ ಹೋದಂತೆ ಎರೆಮಣ್ಣು ಹೆಚ್ಚುತ್ತದೆ. ಬೇಸಿಗೆಯಲ್ಲಿ ಎರೆನೆಲ ಒಣಗಿ ಬಿರುಕು ಬಿಡುತ್ತದೆ. ಓಡಾಟವಾದ ಕಡೆ ಮೇಲ್ಪದರ ರಾಶಿಯ ಕಣದಂತೆ ಗಟ್ಟಿಯಾಗಿ, ಅದರ ಮೇಲೆ ಹಿಟ್ಟಿನಂಥ ಧೂಳು ಕೂರುತ್ತದೆ. ಕಣದಲ್ಲಿ ಚೆಲ್ಲಿದ ಜೋಳದ ಕಾಳಿನ ಮೇಲೆ ಕಾಲಿಟ್ಟವರಿಗೆ ಬಗ್ಗಿಯ ಟೈರಿನ ಸ್ಥಿತಿ ಸುಲಭವಾಗಿ ಅರ್ಥವಾಗುತ್ತದೆ: ಕೆಳಗಿನ ನೆಲ ಗಟ್ಟಿಯಿದ್ದರೂ ನಡುವಿನ ಕಣಗಳು ಉರುಳುವುದರಿಂದ ಕಾಲು ನಿಲ್ಲುವುದಿಲ್ಲ.

ಆದ್ದರಿಂದಲೇ ನಾನು ಯಾವ ದೂರು ಬಂದರೂ ಟೈರಿನಿಂದ ಪರೀಕ್ಷೆ ಆರಂಭಿಸುತ್ತೇನೆ. ಎತ್ತರವಾದ, ದೂರದೂರ ನಿಂತ ಪಿನ್‌ಗಳ (ಟೈರಿನ ಮೇಲ್ಮೈಯ ರಬ್ಬರಿನ ಮೊಳೆಗಳ) ಟೈರು ಉಳುಮೆಯಾದ ಸಡಿಲ ಮಣ್ಣಿನಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಅದೇ ಟೈರನ್ನು ಗಟ್ಟಿ ನೆಲದ ಮೇಲೆ ಓಡಿಸಿದರೆ ಪಿನ್‌ಗಳು ಬುಡದಿಂದ ಬಾಗಿ, ತುದಿಯಷ್ಟೇ ನೆಲಕ್ಕೆ ತಾಗಿ, ಬಗ್ಗಿ ತೇಲಿದಂತೆ ಓಲಾಡುತ್ತದೆ. ಕಣದಂಥ ನೆಲಕ್ಕೆ ಗಿಡ್ಡವಾದ, ಒತ್ತೊತ್ತಾದ ಪಿನ್ ಅಥವಾ ಬ್ಲಾಕ್‌ಗಳ ಮೆತ್ತನೆಯ ರಬ್ಬರಿನ ಟೈರು ಬೇಕು. ಮೆತ್ತನೆಯ ರಬ್ಬರು ಗರಸಿನಲ್ಲಿ ಬೇಗ ಸವೆಯುತ್ತದೆ ಎಂಬುದು ನಿಜ. ಆ ಖರ್ಚನ್ನು ಹೊಸ ಮೋಟಾರಿನ ಖರ್ಚಿಗಿಂತ ಹೆಚ್ಚು ಸಾರ್ಥಕವೆಂದೇ ನಾನು ಭಾವಿಸುತ್ತೇನೆ. ಟೈರಿನ ಒಳಗಿನ ಫೋಮ್ ಕುಗ್ಗಿದ್ದರೆ ಅಥವಾ ಅಂಚಿನ ಅಂಟು ಒಂದೆಡೆ ಬಿಟ್ಟಿದ್ದರೆ ಉಳಿದ ಯಾವ ತಿದ್ದುಪಡಿಯೂ ಫಲ ಕೊಡುವುದಿಲ್ಲ. ಗಾಳಿ ಹೊರಹೋಗಲೆಂದು ಕೊರೆದ ಸಣ್ಣ ರಂಧ್ರದಿಂದ ನೀರು ಒಳಸೇರಿದರೆ ಫೋಮ್ ಭಾರವಾಗಿ ಗಾಲಿಯ ಸಮತೋಲನ ಕೆಡುತ್ತದೆ. ಬಾಗಲಕೋಟೆಯ ಆ ಬಗ್ಗಿಯ ಹಿಂದಿನ ಬಲ ಟೈರಿನಲ್ಲಿ ಈ ಎರಡು ದೋಷಗಳೂ ಇದ್ದವು.

ನಂತರದ್ದು ಎತ್ತರದ ಪ್ರಶ್ನೆ. ಬ್ಯಾಟರಿ ಸಹಿತ ಬಗ್ಗಿಯನ್ನು ಒಂದು ಗೇಣು ಮೇಲಿನಿಂದ ಸಮತಟ್ಟಾದ ಮೇಜಿನ ಮೇಲೆ ಬಿಟ್ಟು, ಅದು ತಾನಾಗಿ ನಿಂತ ಮೇಲೆ ಚಾಸಿಯ ತಳಕ್ಕೂ ಮೇಜಿಗೂ ನಡುವಿನ ಅಂತರವನ್ನು ಅಳೆಯಬೇಕು. ಈ ಅಳತೆಯ ಬಗ್ಗಿಗೆ ಮಣ್ಣಿನ ನೆಲದಲ್ಲಿ 22ರಿಂದ 25 ಮಿಲಿಮೀಟರ್ ಒಳ್ಳೆಯ ಆರಂಭ. ತೀರ ತಗ್ಗಿಸಿದರೆ ಹೆಂಟೆಗಳಿಗೆ ಚಾಸಿ ಬಡಿದು, ಆ ಗಳಿಗೆಯಲ್ಲಿ ಗಾಲಿಗಳ ಮೇಲಿನ ಭಾರವೇ ಇಲ್ಲವಾಗುತ್ತದೆ.

ಶಾಕ್‌ಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಶಾಕ್ ಗಟ್ಟಿಯಾದಷ್ಟೂ ಬಗ್ಗಿ ಸ್ಥಿರವಾಗುತ್ತದೆಂದು ಹಲವರು ನಂಬುತ್ತಾರೆ. ಉಬ್ಬುತಗ್ಗಿನ ನೆಲದಲ್ಲಿ ಗಾಲಿಯು ತಗ್ಗಿನೊಳಗೆ ಇಳಿದು, ಉಬ್ಬಿನ ಮೇಲೇರಿ, ನೆಲವನ್ನು ಬಿಡದೆ ಸಾಗಿದಾಗ ಮಾತ್ರ ಹಿಡಿತವಿರುತ್ತದೆ. ಗಟ್ಟಿ ಸ್ಪ್ರಿಂಗ್ ಗಾಲಿಯನ್ನು ಉಬ್ಬಿನಿಂದ ಉಬ್ಬಿಗೆ ಜಿಗಿಸುತ್ತದೆ. ಸಾಮಾನ್ಯವಾಗಿ ಯಾವ ತುದಿಯಲ್ಲಿ ಹಿಡಿತ ಸಾಲದೋ ಆ ತುದಿಯ ಸ್ಪ್ರಿಂಗ್ ಅನ್ನು ಒಂದು ಹಂತ ಮೆತ್ತಗೆ ಮಾಡಬೇಕು. ಅದಕ್ಕೂ ಮೊದಲು ಶಾಕ್‌ಗಳನ್ನು ಕಳಚಿ, ಸಸ್ಪೆನ್ಶನ್ ಆರ್ಮ್ ಅನ್ನು (ಗಾಲಿಯನ್ನು ಚಾಸಿಗೆ ಜೋಡಿಸುವ ತೋಳನ್ನು) ಬೆರಳಿನಿಂದ ಎತ್ತಿ ಬಿಡಿ. ಅದು ತನ್ನ ತೂಕದಿಂದಲೇ ಕೆಳಗಿಳಿಯಬೇಕು. ಎರೆಯ ನುಣುಪಾದ ಧೂಳು ಆರ್ಮ್ ತಿರುಗುವ ಪಿನ್ನಿನ ಸುತ್ತ ಸೇರಿ ಆರ್ಮ್ ಅನ್ನು ಬಿಗಿ ಹಿಡಿದಿದ್ದರೆ, ಎಷ್ಟೇ ಬೆಲೆಯ ಶಾಕ್ ಹಾಕಿದರೂ ಪ್ರಯೋಜನವಿಲ್ಲ.

ಎಣ್ಣೆಯ ದಪ್ಪವನ್ನು ಕೆಲವು ತಯಾರಕರು ವೇಟ್ ಎಂಬ ಅಂಕಿಯಿಂದ ಸೂಚಿಸುತ್ತಾರೆ, ಆದರೆ ಒಬ್ಬರ 35 ಇನ್ನೊಬ್ಬರ 35ಕ್ಕೆ ಸಮವಲ್ಲ. ಬಾಟಲಿಯ ಮೇಲಿನ ಸೆಂಟಿಸ್ಟೋಕ್ಸ್ (ದ್ರವದ ಸ್ನಿಗ್ಧತೆಯ ಮಾನ) ಅಂಕಿಯನ್ನೇ ನೋಡುವುದು ಒಳ್ಳೆಯದು. ಆ ಅಳತೆಯಲ್ಲಿ 20 ಡಿಗ್ರಿ ಉಷ್ಣತೆಯ ನೀರು ಸುಮಾರು 1 ಇದ್ದರೆ, ಇಂಥ ಬಗ್ಗಿಯ ಶಾಕ್ ಎಣ್ಣೆ ಬಹುಪಾಲು 300ರಿಂದ 500ರೊಳಗೆ ಇರುತ್ತದೆ. ಸಿಲಿಕೋನ್ ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ. ವಿಜಯಪುರದಲ್ಲಿ 40 ಡಿಗ್ರಿ ದಾಟುವ ಮಧ್ಯಾಹ್ನಕ್ಕೆಂದು ಆರಿಸಿದ ಎಣ್ಣೆ ಡಿಸೆಂಬರ್‌ನ ಬೆಳಗ್ಗೆ ದಪ್ಪವೆನಿಸುವುದು ಇದರಿಂದಲೇ. ಶಾಕ್‌ನೊಳಗೆ ಎಣ್ಣೆಯಲ್ಲಿ ಚಲಿಸುವ ಪಿಸ್ಟನ್ನಿನ ರಂಧ್ರವೂ ಅಷ್ಟೇ ಸೂಕ್ಷ್ಮ ವಿಷಯ. 1.2 ಮಿಲಿಮೀಟರ್ ರಂಧ್ರವನ್ನು 1.3ಕ್ಕೆ ಹಿಗ್ಗಿಸಿದರೆ ಎಣ್ಣೆ ಹರಿಯುವ ಜಾಗ ಸುಮಾರು ಶೇ. 17ರಷ್ಟು ಹೆಚ್ಚುತ್ತದೆ. ಆದ್ದರಿಂದ ಕೈ ಡ್ರಿಲ್ಲಿನಿಂದ ಅಂದಾಜಿಗೆ ಕೊರೆಯಬೇಡಿ. ಎಡಬಲದ ಶಾಕ್‌ಗಳು ಬೇರೆಬೇರೆಯಾದರೆ ಬಗ್ಗಿ ಎಡ ತಿರುವಿನಲ್ಲಿ ಒಂದು ಬಗೆ, ಬಲ ತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುತ್ತದೆ.

ಹಿಂದಿನ ಗಾಲಿಗಳ ಟೋ-ಇನ್ (ಮೇಲಿನಿಂದ ನೋಡಿದಾಗ ಗಾಲಿಗಳ ಮುಂತುದಿ ಒಳಕ್ಕೆ ತಿರುಗಿರುವುದು) 3 ಡಿಗ್ರಿ ಮತ್ತು ಕ್ಯಾಂಬರ್ (ಗಾಲಿಯ ಮೇಲಂಚಿನ ವಾಲು) 1ರಿಂದ 2 ಡಿಗ್ರಿ ಒಳವಾಲು ಇದ್ದರೆ ಆರಂಭಕ್ಕೆ ಸಾಕು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರೆ ಹಿಂದಿನ ಗಾಲಿಗಳಿಗೆ ಭಾರ ಸಿಗುತ್ತದೆ, ಆದರೆ ಮುಂಭಾಗ ಹಗುರಾಗಿ, ಗಾಲಿ ತಿರುಗಿದರೂ ಬಗ್ಗಿ ನೆಟ್ಟಗೆ ಓಡಬಹುದು. ನೆಲಕ್ಕೆ ನೀರು ಚಿಮುಕಿಸುವವರು ಗರಸಿನಲ್ಲಿ ಧಾರಾಳವಾಗಿ ಚಿಮುಕಿಸಲಿ. ಎರೆಯಲ್ಲಿ ಹಿಂದಿನ ಸಂಜೆಯೇ ತೆಳುವಾಗಿ ಚಿಮುಕಿಸಿ, ಅಂಗಾಲಿಗೆ ಮಣ್ಣು ಅಂಟದಷ್ಟು ಆರಿದ ಮೇಲೆ ಓಡಿಸಬೇಕು, ಇಲ್ಲವಾದರೆ ಟೈರಿನ ಬ್ಲಾಕ್‌ಗಳ ಸಂದಿಯೆಲ್ಲ ಅಂಟುಮಣ್ಣಿನಿಂದ ತುಂಬಿಹೋಗುತ್ತದೆ.

ಆ ಯುವಕರ ಬಗ್ಗಿಗೆ ನಾವು ಮಾಡಿದ್ದು ಇಷ್ಟು: ಹಿಂದೆ ಹೊಸ ಟೈರು, ಸ್ವಚ್ಛಗೊಳಿಸಿದ ಆರ್ಮ್ ಪಿನ್‌ಗಳು, 18ರಿಂದ 24 ಮಿಲಿಮೀಟರಿಗೆ ಏರಿಸಿದ ಚಾಸಿ, ಎರಡು ಹಂತ ಮೆತ್ತನೆಯ ಹಿಂದಿನ ಸ್ಪ್ರಿಂಗ್ ಮತ್ತು 600ರ ಬದಲು 400 ಸೆಂಟಿಸ್ಟೋಕ್ಸ್ ಎಣ್ಣೆ. ಒಮ್ಮೆಗೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಯ ನಂತರ ಅದೇ ತಿರುವಿನಲ್ಲಿ ಐದು ಸುತ್ತು ಓಡಿಸಿ, ಕಂಡದ್ದನ್ನು ಅವರೇ ವಹಿಯಲ್ಲಿ ಬರೆದುಕೊಂಡರು. ಗಿರಕಿ ಬಹುಮಟ್ಟಿಗೆ ನಿಂತದ್ದು ಟೈರು ಬದಲಿಸಿದಾಗಲೇ, ಉಳಿದದ್ದು ಸ್ಪ್ರಿಂಗ್ ಬದಲಿಸಿದಾಗ. ಹಳೆಯ ಮೋಟಾರು ಬಗ್ಗಿಯಲ್ಲಿಯೇ ಇದೆ. ಚಳಿಗಾಲಕ್ಕೆಂದು 350ರ ಎಣ್ಣೆಯ ಬಾಟಲಿಯೊಂದನ್ನೂ ಅವರ ಜೊತೆ ಕಳುಹಿಸಿದ್ದೇನೆ.