ಕಡಗವೇ ಮೈಯಾದ ಗ್ರಿಫಿನ್

ಸಿಂಹಮುಖದ ಕಡಗವನ್ನು ರಿಪೇರಿಗೆ ತರುವವರ ದೂರು ಹೆಚ್ಚಾಗಿ ಒಂದೇ: ಕತ್ತಿನ ಹತ್ತಿರ ಬೆಸುಗೆ ಬಿಟ್ಟಿದೆ. ಬಿಡದೆ ಏನಾದೀತು? ಬಳೆಯನ್ನು ಬೇರೆ, ಅಚ್ಚಿನಲ್ಲಿ ಒತ್ತಿದ ಪೊಳ್ಳು ತಲೆಯನ್ನು ಬೇರೆ ಮಾಡಿ ಕೊನೆಗೆ ಕೂಡಿಸಿರುತ್ತಾರೆ. ಅಂಥದ್ದು ಕೈಗೆ ಬಂದಾಗಲೆಲ್ಲ ನನಗೆ ಆಕ್ಸಸ್ ನಿಧಿಯ ಕಡಗ ನೆನಪಾಗುತ್ತದೆ.

ಕ್ರಿ.ಪೂ. 5–4ನೇ ಶತಮಾನದ, ಅಕಮೆನಿಡ್ ಪರ್ಷಿಯನ್ನರ ಕಾಲದ ಚಿನ್ನದ ಜೋಡಿ ಅದು. ಸಿಕ್ಕಿದ್ದು ಮಧ್ಯ ಏಷ್ಯಾದ ಅಮು ದರ್ಯಾ ನದಿಯ ದಡದಲ್ಲಿ; ಆ ನದಿಯ ಹಳೆಯ ಹೆಸರೇ ಆಕ್ಸಸ್. 1880ರಲ್ಲಿ ಆ ನಿಧಿಯನ್ನು ತರುತ್ತಿದ್ದ ವ್ಯಾಪಾರಿಗಳನ್ನು ದಾರಿಯಲ್ಲಿ ದರೋಡೆಕೋರರು ಹಿಡಿದರು, ಕ್ಯಾಪ್ಟನ್ ಬರ್ಟನ್ ಎಂಬ ಬ್ರಿಟಿಷ್ ಅಧಿಕಾರಿ ಬಿಡಿಸಿದ. ಜೋಡಿಯಲ್ಲಿ ಒಂದು ಈಗ ಬ್ರಿಟಿಷ್ ಮ್ಯೂಸಿಯಂನದು, ಇನ್ನೊಂದು ಲಂಡನ್ನಿನದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. ಯಾರ ಮೂಸೆಗೂ ಬೀಳದೆ ಉಳಿದದ್ದು ದೊಡ್ಡ ಭಾಗ್ಯ.

ಸುಮಾರು 12 ಸೆಂಟಿಮೀಟರ್ ಎತ್ತರದ ಕಡಗ. ಬಾಯಿ ತೆರೆದಿರುವ ಕಡೆ ಎರಡು ಗ್ರಿಫಿನ್‌ಗಳು ಎದುರುಬದುರು ನಿಂತಿವೆ. ನಮ್ಮ ಯಾಳಿಯಂತೆ ಇದೂ ಬೆರಕೆ ಪ್ರಾಣಿ: ರೆಕ್ಕೆ ಹಕ್ಕಿಯದು, ತಲೆಯ ಮೇಲೆ ಉದ್ದನೆಯ ಕೊಂಬು. ಎದೆ, ಕತ್ತು, ರೆಕ್ಕೆ ಎದ್ದು ನಿಂತಿದ್ದರೆ ಹಿಂಭಾಗ ಬಳೆಯ ಮೈಯಲ್ಲೇ ಕರಗಿಹೋಗುತ್ತದೆ. ಪ್ರಾಣಿ ಎಲ್ಲಿ ಮುಗಿಯಿತು, ಬಳೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಅಕ್ಕಸಾಲಿ ಕಡಗವನ್ನೇ ಪ್ರಾಣಿಯೆಂದು ಯೋಚಿಸಿದ್ದಾನೆ.

ಮೈತುಂಬ ಸಣ್ಣ ಗುಳಿಗಳಿವೆ. ಒಂದು ಕಾಲಕ್ಕೆ ಅವುಗಳಲ್ಲಿ ಬಣ್ಣದ ಹರಳೋ ಗಾಜೋ ಇತ್ತು. ಹರಳು ಕೂರಿಸುವ ಕೆಲಸದವನಾದ ನನಗೆ ಈ ಖಾಲಿ ಗುಳಿಗಳೇ ಹೆಚ್ಚು ಇಷ್ಟ. ನಾವು ಅರಗು ತುಂಬಿ ಹರಳಿಟ್ಟು, ಕುಂದನದ ಹಾಳೆ ಒತ್ತಿ ಅಂಚು ಕಟ್ಟುತ್ತೇವೆ. ಗುಳಿ ಕೊಂಚ ದೊಡ್ಡದಾದರೂ ಕುಂದನ ಮುಚ್ಚಿಬಿಡುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಗರಿಯ ಆಕಾರಕ್ಕೆ ಗುಳಿ, ಗುಳಿಯ ಆಕಾರಕ್ಕೆ ಸರಿಯಾಗಿ ಹರಳು. ಸಾಣೆಯಲ್ಲಿ ಒಂದು ಎಳೆ ಹೆಚ್ಚು ತೇದರೆ ಆ ಹರಳು ಹೋದಂತೆಯೇ.

ತುಂಬಿದಾಗ ಹೇಗಿತ್ತು ಎಂದು ತಿಳಿಯಲು ಅದೇ ಪರ್ಷಿಯನ್ನರ ರಾಜಧಾನಿಗಳಲ್ಲೊಂದಾದ, ಇಂದಿನ ಇರಾನಿನ ಸೂಸಾದ ಒಡವೆಗಳನ್ನು ನೋಡಬೇಕು. 1901ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾಕ್ ದ ಮೊರ್ಗನ್ ಅಲ್ಲಿ ಒಂದು ಕಂಚಿನ ಶವಪೆಟ್ಟಿಗೆ ಕಂಡುಹಿಡಿದ. ಒಳಗಿದ್ದ ಸಿಂಹಮುಖದ ಕಂಠಾಭರಣ, ಕಡಗಗಳು ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿವೆ. ಅವುಗಳಲ್ಲಿ ಹಸಿರುನೀಲಿ ಫಿರೋಜಾ, ಕಡುನೀಲಿ ಲಾಜವರ್ದ ಹರಳುಗಳು ಇನ್ನೂ ಕೂತಿವೆ. ಈ ಎರಡು ಹೆಸರೂ ಪರ್ಷಿಯನ್ ಮೂಲದವೇ.

ಆ ಕಾಲದ ಹಲವು ಕಡಗಗಳು ತಲೆಗಳಿಗೆ ನೇರ ಎದುರು ಭಾಗದಲ್ಲಿ ಒಳಕ್ಕೆ ಬಾಗಿವೆ. ನನಗೆ ಕಾಣುವ ಕಾರಣ ತೂಕ. ತುದಿಯ ತಲೆಗಳು ಭಾರವಾದರೆ ದುಂಡನೆಯ ಕಡಗ ತೋಳಿನಲ್ಲಿ ತಿರುಗಿ ಮುಖ ಕೆಳಗಾಗುತ್ತದೆ. ಬಾಗು ಅದನ್ನು ಹಿಡಿದು ನಿಲ್ಲಿಸುತ್ತದೆ.

ಸೂಸಾದ ಅರಮನೆಯ ಶಾಸನದಲ್ಲಿ ದೊರೆ ಡೇರಿಯಸ್ ಸಾಮಗ್ರಿಗಳ ಊರು ಬರೆಸಿದ್ದಾನೆ: ಚಿನ್ನ ಇಂದಿನ ಟರ್ಕಿಯ ಸಾರ್ಡಿಸ್ ಮತ್ತು ಮಧ್ಯ ಏಷ್ಯಾದ ಬ್ಯಾಕ್ಟ್ರಿಯಾದಿಂದ, ಲಾಜವರ್ದ ಮಧ್ಯ ಏಷ್ಯಾದ್ದೇ ಆದ ಸೊಗ್ಡಿಯಾನಾದಿಂದ, ಫಿರೋಜಾ ಅಲ್ಲಿಯದೇ ಖ್ವಾರೆಜ್ಮ್‌ನಿಂದ. ಚಿನ್ನದ ಕೆಲಸ ಮಾಡಿದವರ ನಾಡನ್ನೂ ಮರೆತಿಲ್ಲ. ಅವರು ಮೀಡಿಯಾ ಎಂಬ, ಇಂದಿನ ವಾಯವ್ಯ ಇರಾನಿನ ನಾಡಿನವರು ಮತ್ತು ಈಜಿಪ್ಟಿನವರು.