ಅಂಚೆಗೆ ಬಿದ್ದ ಎಂಜಲು, ಅರ್ಧ ತುಂಬಿದ ಅರ್ಜಿ

ಎಂಜಲು ಎಂದರೆ ಮಾರು ದೂರ ಸರಿಯುವ ಮನೆಗಳಲ್ಲೂ ಈಗ ವಂಶವಾಹಿ (ಡಿಎನ್‌ಎ) ಸಂಶೋಧನೆಗೆಂದು ಅದನ್ನು ನಳಿಕೆಗೆ ತುಂಬಿ ಅಂಚೆಯಲ್ಲಿ ಕಳಿಸುವ ಮಾತು ನಡೆದಿದೆ. ಮುಂಬಯಿ ಪಕ್ಕದ ಡೊಂಬಿವಲಿಯ ಕನ್ನಡಿಗರ ಗುಮಾನಿ ಇಷ್ಟೇ: ಅದು ಎಲ್ಲಿಗೆ ಹೋಗುತ್ತದೆ?

ಮಾದರಿಗಳಿಗೆ ಅಂಚೆ ಹೊಸದಲ್ಲ. 1960ರ ದಶಕದಲ್ಲೇ ಅಮೆರಿಕದ ರಾಬರ್ಟ್ ಗತ್ರಿ ಹಸುಗೂಸಿನ ಹಿಮ್ಮಡಿಯ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ದಾರಿ ತೋರಿದ್ದರು. ಆ ಕಾಗದ ಲಕೋಟೆಯಲ್ಲೇ ಹೋಗುತ್ತಿತ್ತು. ನಲವತ್ತು ವರ್ಷ ಕಳೆದು, 2006-10ರಲ್ಲಿ ಬ್ರಿಟನ್ನಿನ ಆರೋಗ್ಯ ಸಂಶೋಧನೆಯ ಮಾದರಿ ಭಂಡಾರ ಯುಕೆ ಬಯೋಬ್ಯಾಂಕ್ 5 ಲಕ್ಷ ಜನರನ್ನು ಕೇಂದ್ರಗಳಿಗೇ ಕರೆಸಿ ರಕ್ತ ಪಡೆಯಿತು. 2007ರಲ್ಲಿ ಡಿಎನ್‌ಎ ಪರೀಕ್ಷೆ ಮಾರುವ ಅಮೆರಿಕದ ಕಂಪನಿ 23ಆಂಡ್‌ಮಿ ಜೊಲ್ಲಿನ ಡಬ್ಬಿಯನ್ನು ಮನೆಬಾಗಿಲಿಗೆ ತಂದಿತು. ಭಾರತೀಯರ ಡಿಎನ್‌ಎ ಓದುವ ನಮ್ಮ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾದಾಗ ನಂಬಿದ್ದು ರಕ್ತವನ್ನೇ. ಅದರ 10,000 ಜನರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು.

ಜೊಲ್ಲು ಅಗ್ಗ, ಸೂಜಿ ಬೇಡ, ನರ್ಸ್ ಬೇಡ. ಕೆಡುವುದು ಮಾತ್ರ ಬೇಗ. ಸಾಮಾನ್ಯ ಕಿಟ್‌ಗೆ 2 ಮಿಲಿಲೀಟರ್ ಬೇಕು, ನೊರೆ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಮೊದಲಿನಿಂದ ತಿನ್ನಬಾರದು, ಕುಡಿಯಬಾರದು, ಬೀಡಿ ಸೇದಬಾರದು. ಎಲೆ-ಅಡಿಕೆ ಬಾಯಲ್ಲಿದ್ದರೆ ಅದರ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಪ್ರತಿ ಹೆಚ್ಚಿಸುವ ಕೆಲಸಕ್ಕೆ, ಅಡ್ಡ ಬರುತ್ತವೆ. ಬಾಯಿ ಒಣಗುವ ವಯಸ್ಸಾದವರು ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಉಜ್ಜಿಕೊಳ್ಳಬೇಕು. ಗೆರೆ ಮುಟ್ಟಿದ ಮೇಲೆ ಆಲಿಕೆಯ ಮುಚ್ಚಳ ಹಾಕಿದರೆ ಅದರೊಳಗಿನ ದ್ರವ ನಳಿಕೆಗೆ ಇಳಿಯುತ್ತದೆ. ಆಮೇಲೆ ಆಲಿಕೆ ತೆಗೆದು, ಚಿಕ್ಕ ಮುಚ್ಚಳ ತಿರುಗಿಸಿ, ಕುಲುಕಬೇಕು. ಆ ದ್ರವ ಜೀವಕೋಶ ಒಡೆದು, ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ. ದ್ರವ ಚೆನ್ನಾಗಿ ಬೆರೆತ ಮಾದರಿ ಕುರಿಯರ್ ಗೋಡೌನಿನ ಸೆಕೆಯಲ್ಲಿ ವಾರಗಟ್ಟಲೆ ಬಿದ್ದರೂ ಕೆಡದು. ಕುಲುಕದೆ ಕಳಿಸಿದ್ದರೆ ಕೈಗೆ ಸಿಗುವುದು ಹೆಚ್ಚಾಗಿ ಬ್ಯಾಕ್ಟೀರಿಯಾದ ಡಿಎನ್‌ಎ.

ಒಂದೇ ಮನೆಗೆ ಎರಡು ಡಬ್ಬಿ ಬಂದರೆ ಬಾರ್‌ಕೋಡ್ ಅದಲುಬದಲಾಗಬಹುದು. ಗಂಡ-ಹೆಂಡಿರದ್ದಾದರೆ ಗಂಡೋ ಹೆಣ್ಣೋ ಎಂದು ತೋರುವ ಎಕ್ಸ್-ವೈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಣ್ಣ-ತಮ್ಮಂದಿರದ್ದು ಹಾಗೇ ದಾಟಿಹೋಗುತ್ತದೆ.

ಇಷ್ಟನ್ನೂ ಒಂದು ಚಿತ್ರದ ಚೀಟಿ ಕಲಿಸಬಲ್ಲದು. ಕಷ್ಟ ಇರುವುದು ಅರ್ಜಿಯಲ್ಲಿ. ವಿಳಾಸ ಡೊಂಬಿವಲಿ, ಹುಟ್ಟಿದ್ದು ಮುಂಬಯಿ, ಮನೆಮಾತು ತುಳು, ಬರೆಯುವುದು ಕನ್ನಡ. ಇದರಿಂದ ಜನಸಮುದಾಯ ಯಾವುದೆಂದು ತಿಳಿಯದು. ಅಜ್ಜ-ಅಜ್ಜಿ ನಾಲ್ವರ ಊರನ್ನೂ ಕೇಳಬೇಕು. ತಂದೆಯ ಕುಲ ಮಾತ್ರ ಕೇಳಿದರೆ ಬಂಟರಿಗೆ ಅದು ಅರ್ಧ ಉತ್ತರ. ಅವರ ‘ಬಳಿ’ (ಕುಲದ ಹೆಸರು) ತಾಯಿಯಿಂದ ಬರುವುದು. ಸೋದರಮಾವನ ಮಗಳನ್ನು ತಂದುಕೊಂಡ ಮನೆಯೇ ಎಂಬ ಪ್ರಶ್ನೆಯೂ ಬೇಕು, ತಂದೆ-ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣುವ ರೋಗಗಳ ಲೆಕ್ಕ ಅದಿಲ್ಲದೆ ಹೊಂದದು. ಶಿಬಿರದಲ್ಲಾದರೆ ಎದುರು ಕೂತವರು ಕೆದಕಿ ಕೇಳುತ್ತಿದ್ದರು. ಅಂಚೆಯಲ್ಲಿ ಆ ಖಾನೆ ಖಾಲಿಯೇ ಉಳಿಯುತ್ತದೆ.

ಒಪ್ಪಿಗೆಯ ಹಾಳೆಗೂ ಇದೇ ಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಮಾದರಿ ಕೊಟ್ಟವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಇಂಗ್ಲಿಷ್, ಹೆಚ್ಚೆಂದರೆ ಮರಾಠಿ ಹಾಳೆಗೆ ಸಹಿ ಹಾಕುವ ಅಜ್ಜಿಗೆ ಯಾರು ವಿವರಿಸುತ್ತಾರೆ? ವೈಯಕ್ತಿಕ ದತ್ತಾಂಶದ 2019ರ ಮಸೂದೆ ವಂಶವಾಹಿ ಮಾಹಿತಿಯನ್ನು ಸೂಕ್ಷ್ಮ ಎಂದು ಬೇರೆಯೇ ಗುರುತಿಸಿತ್ತು. 2023ರ ಕಾಯ್ದೆಯಲ್ಲಿ ಆ ಬೇರೆ ವರ್ಗವೇ ಇಲ್ಲ. 23ಆಂಡ್‌ಮಿಯ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಪಾಲಾದದ್ದೂ 2023ರಲ್ಲೇ, ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2025ರ ಮಾರ್ಚ್‌ನಲ್ಲಿ. ಮನಸ್ಸು ಬದಲಿಸಿ ಪತ್ರ ಬರೆದರೆ ನಳಿಕೆಯನ್ನು ನಾಶಮಾಡಬಹುದು. ಅಷ್ಟರೊಳಗೆ ಅದರಿಂದ ಓದಿಕೊಂಡದ್ದು ಲೆಕ್ಕಕ್ಕೆ ಸೇರಿ ಪ್ರಕಟವಾಗಿದ್ದರೆ, ಅದನ್ನು ಹೆಕ್ಕಿ ತೆಗೆಯಲು ಬರುವುದಿಲ್ಲ.